ಎದುರು ನಿಂತು ಕಲಿಸಿದ ಕೈ

ಫಂಗಮೋಆ, ವವಾಉ ದ್ವೀಪ, ಟೋಂಗಾ
೭ ಸೆಪ್ಟೆಂಬರ್ ೧೯೮೭, ಸೋಮವಾರ

ಪ್ರೀತಿಯ ಮಗಳು ಸೀಲಿಯಳಿಗೆ,

ಬಾಯಿ ತೆರೆಯುವ ಮೊದಲು ದೊಡ್ಡವರ ಅಪ್ಪಣೆ ಕೇಳುವುದು ನಮ್ಮ ಪದ್ಧತಿಯಾದ್ದರಿಂದ ಕಾಗದದಲ್ಲೂ ಕೇಳಿಬಿಡುತ್ತೇನೆ. ದೇವರ ಅಪ್ಪಣೆ, ಊರಿನ ಒಡೆಯರ ಅಪ್ಪಣೆ, ಪಾದ್ರಿಗಳ ಅಪ್ಪಣೆ, ಇವರೆಲ್ಲರಿಗಿಂತ ಮುಖ್ಯವಾಗಿ ನಿನ್ನ ಸೋದರತ್ತೆ ಲೆಸಿಯೇಲಿಯ ಅಪ್ಪಣೆ. ಅವಳು ಪಕ್ಕದ ಮನೆಯಲ್ಲಿ ಚಾಪೆ ಹೆಣೆಯುತ್ತ ಕೂತಿದ್ದಾಳೆ. ನಾನು ಏನು ಬರೆಯುತ್ತಿದ್ದೇನೆ ಎಂಬುದನ್ನು ಗೋಡೆಯ ಆಚೆಯಿಂದಲೇ ಓದುವ ಶಕ್ತಿ ಅವಳಿಗಿದೆ. ನನ್ನ ಅಕ್ಕನಾಗಿ ಹುಟ್ಟಿದ್ದಕ್ಕೆ ನನ್ನ ಮೇಲೆ, ನಿನ್ನ ಮೇಲೆ, ನಿನ್ನ ಮಗಳ ಮೇಲೆ ಅವಳದೇ ಆಳ್ವಿಕೆ. ಇಷ್ಟು ಅಪ್ಪಣೆ ಸಾಕು ಅಂತ ಕಾಣುತ್ತದೆ, ಇನ್ನು ಬರೆಯಬಹುದು.

ನಿನ್ನ ಬೆನ್ನು ನೋವು ಹೇಗಿದೆ ಮಗಳೇ? ಆಸ್ಪತ್ರೆಯ ಒದ್ದೆ ಹೊದಿಕೆಗಳನ್ನು ಒಬ್ಬಳೇ ಎತ್ತಬೇಡ, ಇಬ್ಬರಿದ್ದರೆ ಮಾತ್ರ ಎತ್ತು ಅಂತ ಹೋದ ಕಾಗದದಲ್ಲೂ ಬರೆದಿದ್ದೆ. ನೀನು ಅದಕ್ಕೆ ಉತ್ತರ ಕೊಡದೆ ಹವೆಯ ವಿಷಯ ಬರೆದೆ. ನಿನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು, ಕೇಳಿದ್ದನ್ನು ಬಿಟ್ಟು ಬೇರೆಲ್ಲದಕ್ಕೂ ಉತ್ತರ. ಆಕ್ಲೆಂಡಿನ ಚಳಿ ಈಗ ಇಳಿದಿರಬೇಕು. ಅಳಿಯಂದಿರು ರಾತ್ರಿ ಪಾಳಿ ಬಿಟ್ಟರೋ ಇಲ್ಲವೋ ತಿಳಿಸು. ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿ ಮಾತ್ರ ನೆಲದಿಂದ ಏಳುವಾಗ ಸ್ವಲ್ಪ ವಾದ ಮಾಡುತ್ತದೆ. ನೀನು ಕಳಿಸಿದ ಉಣ್ಣೆ ಅಂಗಿಯನ್ನು ಹಾಕಿಕೊಂಡು ಒಂದು ಸಲ ಚರ್ಚಿಗೆ ಹೋದೆ. ಬೆವರಿ ಸ್ನಾನವಾಯಿತು, ಆದರೆ ಎಲ್ಲರೂ ನೋಡಿದರು.

ಕಲೋ ನಿನ್ನ ಭುಜದೆತ್ತರಕ್ಕೆ ಬಂದಿದ್ದಾಳೆ. ನಿನ್ನ ಈಗಿನ ಭುಜ ನಾನು ನೋಡಿಲ್ಲ, ನೀನು ಹೊರಟಾಗಿನ ಭುಜದ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಮೊದಲ ಮಗುವನ್ನು ಅಜ್ಜ ಅಜ್ಜಿ ಸಾಕಬೇಕು ಅಂತ ನೀನು ಅವಳನ್ನು ನಮ್ಮ ಮಡಿಲಿಗೆ ಹಾಕಿ ಹೋದೆ, ಅಜ್ಜಿ ಅರ್ಧಕ್ಕೆ ಎದ್ದು ಹೋದಳು, ಈಗ ಉಳಿದಿರುವುದು ನಾನೊಬ್ಬ. ಹುಡುಗಿ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಏನೂ ಸದ್ದಿಲ್ಲ. ಹಂದಿಗೆ ತೆಂಗಿನಕಾಯಿ ಒಡೆದು ಹಾಕುತ್ತ ಅದರ ಜೊತೆಗೇ ಮಾತಾಡುತ್ತೇನೆ. ಮೊದಲು ಸಂಜೆಯಾದರೆ ನಮ್ಮ ಜಗುಲಿಯಲ್ಲಿ ಕಾವಾ ಬೇರು ಕಲಸಿದ ಬಟ್ಟಲಿನ ಸುತ್ತ ಜನ ತುಂಬಿರುತ್ತಿದ್ದರು, ಹಾಡು, ಗಲಾಟೆ, ಪಾದ್ರಿಗಳ ಮೇಲೆ ಹಾಸ್ಯ. ಈಗ ಬರುವವರು ಕಡಿಮೆ. ಒಬ್ಬನೇ ಕೂತು ಕಾವಾ ಕುಡಿಯುವುದಕ್ಕಾಗುವುದಿಲ್ಲ, ಯಾರಿಗೆ ಮೊದಲು ಕೊಡಬೇಕು ಅನ್ನುವುದೇ ಇಲ್ಲದ ಮೇಲೆ ಅದು ಬರೀ ಕೆಸರು ನೀರು. ಯಾಕೆ ಬರುತ್ತಿಲ್ಲ ಅಂತ ನೀನು ಕೇಳುವೆ, ಅದನ್ನೇ ಹೇಳಲು ಹೊರಟಿದ್ದೇನೆ.

ಹೋದ ತಿಂಗಳು ಹೊಸ ಚರ್ಚಿನ ಪ್ರವೇಶವಾಯಿತು. ಒಡೆಯರು ಲಕಲಕ ಕುಣಿತ ಕಟ್ಟಲು ನನಗೇ ಹೇಳಿ ಕಳಿಸಿದರು. ಪದವೂ ನನ್ನದು, ರಾಗವೂ ನನ್ನದು, ಪದಕ್ಕೆ ತಕ್ಕ ಕೈಚಲನೆಗಳೂ ನನ್ನವು. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ಊರಿಗೆ ಊರೇ ಸಾಲಾಗಿ ನಿಲ್ಲುವಷ್ಟು ದೊಡ್ಡ ಕುಣಿತ. ಎರಡು ಸಾಲು ಕೂಡುವ ನಡುಜಾಗದಲ್ಲಿ, ಹೆಂಗಸರಲ್ಲಿ ಮೊದಲನೆಯವಳಾಗಿ, ಒಡೆಯರ ಮಗಳು ನಿಲ್ಲಬೇಕು, ಅದರಲ್ಲಿ ಚರ್ಚೆಯಿಲ್ಲ. ಚೆನ್ನಾಗಿ ಕುಣಿಯುತ್ತಾಳೆ ಅಂತಲ್ಲ, ಒಡೆಯರ ಮಗಳು ಅಂತ. ಅಲ್ಲಿಂದ ಮೂರನೇ ಜಾಗಕ್ಕೆ ಮಾತ್ರ ಹುಟ್ಟು ಕೇಳುವುದಿಲ್ಲ. ಅಲ್ಲಿ ಊರಿನ ಅತಿ ಒಳ್ಳೆಯ ಕೈ ನಿಲ್ಲುತ್ತದೆ. ನೀನು ನಿಂತಿದ್ದೆಯಲ್ಲ, ನಿನಗೆ ನಾನು ಹೇಳಬೇಕೇ. ನಡುಜಾಗಕ್ಕೆ ಮರ್ಯಾದೆ, ಮೂರನೇ ಜಾಗಕ್ಕೆ ಕಣ್ಣು. ಇದು ಸರಿಯಾದ ಏರ್ಪಾಡು ಅಂತಲೇ ನಾನು ಬಾಳೆಲ್ಲ ನಂಬಿದ್ದೆ. ಮೇಲಿನವರು ಮೇಲೆ ಇರಲಿ, ಕಲಿತವರಿಗೂ ಒಂದು ಜಾಗ ಇರಲಿ.

ಒಡೆಯರ ಮಗಳು ಅನಸೀನಿ ಚಿಕ್ಕಂದಿನಲ್ಲೇ ಆಕ್ಲೆಂಡಿಗೆ ಹೋಗಿ ಬೆಳೆದವಳು. ನಮ್ಮ ಭಾಷೆಯನ್ನೇ ಬಿಸಿ ಗೆಣಸು ಬಾಯಿಗಿಟ್ಟುಕೊಂಡವರ ಹಾಗೆ ಆಡುತ್ತಾಳೆ. ಅವಳು ಕಲಿಯಲು ಬಂದಾಗ ಊರಿನಲ್ಲಿ ಎರಡು ಮಾತು ಹುಟ್ಟಿತು. ಹಿರಿಯರು, "ಅವಳಿಗೇನು ಕಲಿಸೋದು ಕಿಲಿಫಿ, ರಕ್ತದಲ್ಲೇ ಇರುತ್ತೆ, ನಿಂತ್ರೆ ಸಾಕು" ಅಂದರು. ಚಿಕ್ಕವರು ಮರೆಯಲ್ಲಿ, "ಬಟ್ಟೆ ಒಣಗ್ಹಾಕೋ ಕಂಬಕ್ಕೆ ಹೂವಿನ ಹಾರ ಹಾಕಿದ ಹಾಗಿದೆ" ಅಂತ ನಕ್ಕರು. ಎರಡೂ ನನಗೆ ಸಿಟ್ಟು ಬರಿಸಿದವು. ಹುಟ್ಟುವಾಗಲೇ ಕುಣಿತ ಕಲಿತು ಬಂದ ಮಗುವನ್ನು ನಾನು ಕಂಡಿಲ್ಲ, ಯಾವ ಮನೆಯಲ್ಲೂ. ಹಾಗೆಯೇ ಕಲಿಯಲಾರದ ಕೈಯನ್ನೂ ಕಂಡಿಲ್ಲ. ಮೀನು ಹಿಡಿಯುವವನ ಕೈ, ಹಿಟ್ಟು ನಾದುವ ಕೈ, ಬೆರಳು ಕಳೆದುಕೊಂಡ ಕೈ, ಎಲ್ಲಕ್ಕೂ ಕಲಿಸಿದ್ದೇನೆ. ಆ ಹುಡುಗಿ ಹಲ್ಲು ಕಚ್ಚಿ ಕಲಿತಳು ಸೀಲಿಯ. ನಾನು ನಿಲ್ಲಿಸಿದರೂ ಅವಳು ನಿಲ್ಲಿಸುತ್ತಿರಲಿಲ್ಲ. ಯಾರೂ ಅವಳ ಜೊತೆ ಕೂತು ಒಂದು ಕಾಯಿ ಹಂಚಿಕೊಂಡು ತಿನ್ನುತ್ತಿರಲಿಲ್ಲ, ತಿನ್ನುವ ಹಾಗೂ ಇರಲಿಲ್ಲ. ಅಂಗಳದ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ನಾನು.

ಉಳಿದ ಹೆಣ್ಣುಮಕ್ಕಳಿಗೆ ನಾನು ಹೇಗೆ ಕಲಿಸುತ್ತೇನೆ ನಿನಗೆ ಗೊತ್ತು. ಅವರಿಗೆ ಬೆನ್ನು ಮಾಡಿ ಮುಂದೆ ನಿಂತು ತೋರಿಸುತ್ತೇನೆ, ಆಮೇಲೆ ಸಾಲಿನೊಳಗೆ ನುಗ್ಗಿ ಮಣಿಕಟ್ಟು ಹಿಡಿದು ತಿರುಗಿಸುತ್ತೇನೆ, ತಪ್ಪಿದರೆ ಪಟ್ಟಂತ ಒಂದು ಏಟು. ಒಡೆಯರ ಮಗಳ ಕೈ ಮುಟ್ಟುವುದು ಹೇಗೆ? ಅವಳಿಗೆ ಬೆನ್ನು ತೋರಿಸುವುದು ಹೇಗೆ? ಆದ್ದರಿಂದ ಎದುರು ನಿಂತು, ದೂರದಿಂದ, ತಲೆ ತಗ್ಗಿಸಿ ಕಲಿಸಿದೆ. ಅವಳ ಅಭ್ಯಾಸ ಅವರ ಅಂಗಳದಲ್ಲಿ, ನಮ್ಮವರದು ಶಾಲೆಯ ಮೈದಾನದಲ್ಲಿ. ಎಲ್ಲರೂ ಕೂಡಿ ಕುಣಿಯಬೇಕಾದ ಕೊನೆಯ ದಿನ ಒಡೆಯರ ಮನೆಗೆ ರಾಜಧಾನಿಯಿಂದ ಅತಿಥಿಗಳು ಬಂದುಬಿಟ್ಟರು, ಅವಳನ್ನು ಕಳಿಸಲಿಲ್ಲ. ಪರವಾಗಿಲ್ಲ, ಎಲ್ಲಾ ಬಂದಿದೆ ಅಂದುಕೊಂಡೆ.

ಮೂರನೇ ಜಾಗಕ್ಕೆ ಕಲೋಳನ್ನು ನಿಲ್ಲಿಸಿದೆ. ನಿನ್ನ ಅತ್ತೆ ಮೂಗು ಮುರಿದಳು. "ಹದಿಮೂರರ ಹುಡುಗಿ! ಮೊಮ್ಮಗಳು ಅಂತ ನಿಲ್ಸಿದ್ಯಾ?" ಅಂದಳು. ನಾನು, "ಅಕ್ಕಾ, ಅವಳಿಗಿಂತ ಒಳ್ಳೆ ಕೈ ತೋರ್ಸು, ನಾಳೇನೇ ಬದಲಾಯಿಸ್ತೀನಿ" ಅಂದೆ. ಅವಳು ಊರೆಲ್ಲ ಹುಡುಕಿ ಬಂದು ಸುಮ್ಮನಾದಳು. ನಿನ್ನ ಮಗಳೆಂದು ಹೊಗಳುತ್ತಿಲ್ಲ, ಕಲೋಳ ಕೈಯಲ್ಲಿ ಹಿಂಜರಿಕೆ ಇಲ್ಲ. ನಿನ್ನ ಕೈ ಹೆಚ್ಚು ಮೃದುವಾಗಿತ್ತು, ಅವಳದು ಹೆಚ್ಚು ಖಚಿತ. ತಲೆಯನ್ನು ಚಕ್ಕನೆ ಓರೆ ಮಾಡುವುದು ನಿನ್ನದೇ.

ಆ ದಿನ ಬಂತು. ಎಣ್ಣೆ ಹಚ್ಚಿದ ತೋಳುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೊದಲೆರಡು ಚರಣ ಎಷ್ಟು ಚೆನ್ನಾಗಿ ಹೋಯಿತೆಂದರೆ, ಅನಸೀನಿಯನ್ನು ಕಂಬ ಅಂದವರೇ ಎದ್ದು ಕೂಗು ಹಾಕಿದರು. ಮೂರನೇ ಚರಣದಲ್ಲಿ, ಕಡಲು ತಂದವರನ್ನು ನೆಲ ಅವುಚಿಕೊಂಡಿತು ಅನ್ನುವ ಕಡೆ, ಬಲಗೈ ನೆಲದ ಕಡೆಗೆ, ಎಡಗೈ ಎದೆಗೆ. ಇಡೀ ಹಾಡಿನಲ್ಲಿ ಎರಡು ಕೈ ಬೇರೆ ಬೇರೆ ದಾರಿ ಹಿಡಿಯುವುದು ಅಲ್ಲೊಂದೇ ಕಡೆ. ಅನಸೀನಿ ಎಡಗೈ ನೆಲಕ್ಕೆ ಇಳಿಸಿದಳು. ಪಕ್ಕದವಳು ಕಣ್ಣಂಚಿನಲ್ಲಿ ನೋಡಿ ತಾನೂ ಎಡಗೈ ಇಳಿಸಿದಳು. ನಡುಜಾಗ ತಪ್ಪುವ ಹಾಗಿಲ್ಲವಲ್ಲ, ಆದ್ದರಿಂದ ಉಳಿದವರೆಲ್ಲ ತಪ್ಪಿ ಅದನ್ನು ಸರಿ ಮಾಡಬೇಕು. ನಾಲ್ಕನೆಯವಳು, ಐದನೆಯವಳು, ಸಾಲಿನ ತುದಿಯ ಮುದುಕಿಯವರೆಗೆ ಎಡಗೈಗಳು ಇಳಿದವು. ಯಾರೂ ಹೇಳಿಕೊಟ್ಟಿದ್ದಲ್ಲ, ನಮ್ಮ ಜನಕ್ಕೆ ಉಸಿರಾಟದ ಹಾಗೆ ಬರುತ್ತದೆ. ಬಂದ ಅತಿಥಿಗಳಿಗೆ ಅದೇ ಸರಿ ಅನ್ನಿಸಿತು. ಕಲೋ ಒಬ್ಬಳು ಮಾತ್ರ ಬಲಗೈ ಇಳಿಸಿದಳು. ನಾನು ಕಲಿಸಿದ್ದನ್ನು, ನಾನು ಕಲಿಸಿದ ಹಾಗೆ. ಅಷ್ಟು ಹೆಂಗಸರ ನಡುವೆ ಅವಳೊಬ್ಬಳೇ ತಪ್ಪಿದವಳಂತೆ ಕಂಡಳು.

ಊಟಕ್ಕೆ ಮುಂಚೆಯೇ ಸುದ್ದಿ ಊರೆಲ್ಲ ಹಬ್ಬಿತ್ತು. ನಿನ್ನ ಅತ್ತೆ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಒಡೆಯರ ಮಗಳ ಹತ್ತಿರದಲ್ಲೇ ನಿಂತು ಅವಳನ್ನ ಎತ್ತಿ ತೋರಿಸಿದ್ಲಲ್ಲ ನಿನ್ನ ಮೊಮ್ಮಗಳು! ಶುಕ್ರವಾರದೊಳಗೆ ಹರಿದ ಚಾಪೆ ಸೊಂಟಕ್ಕೆ ಸುತ್ಕೊಂಡು ಅವರ ಅಂಗಳದಲ್ಲಿ ಹೋಗಿ ಕೂರ್ಬೇಕು, ತಪ್ಪಾಯ್ತು ಅನ್ಬೇಕು" ಅಂದಳು. ಅತ್ತೆಯ ಮಾತು ತೆಗೆದುಹಾಕುವ ಹಾಗಿಲ್ಲ ಅಂತ ನಿನಗೂ ಗೊತ್ತು. ಅವಳು ಕೆಟ್ಟವಳಲ್ಲ. ನಾಲ್ಕು ದಿನದ ಅವಮಾನ ನುಂಗಿದರೆ ಹುಡುಗಿಯ ಬಾಳು ಸುಗಮ ಅಂತ ಅವಳ ಲೆಕ್ಕ. ಕಲೋ ಅಳಲಿಲ್ಲ. ಎಣ್ಣೆ ತೊಳೆದುಕೊಂಡು ಬಂದು ನನ್ನ ಎದುರು ಕೂತು ಹೇಳಿದಳು: "ಹೋಗ್ತೀನಿ ಅಜ್ಜ. ಕೂರು ಅಂದ್ರೆ ಕೂರ್ತೀನಿ. ಆದ್ರೆ ಮೊದಲು ಹೇಳು, ಯಾವ ಕೈ?"

ಬಲಗೈ ಅಂದರೆ, ಮತ್ತೆ ಯಾಕೆ ಕ್ಷಮೆ ಅನ್ನುತ್ತಾಳೆ. ಎಡಗೈ ಅಂದರೆ, ಆ ಕ್ಷಣದಿಂದ ಅವಳ ಕೈ ನನ್ನದೂ ಅಲ್ಲ, ಅವಳದೂ ಅಲ್ಲ. ಮುಂದೆ ಪ್ರತಿ ಚರಣದಲ್ಲೂ ಪಕ್ಕಕ್ಕೆ ನೋಡಿಕೊಂಡೇ ಕೈ ಎತ್ತುತ್ತಾಳೆ. ಅಂಥ ಕೈಗಳು ಊರಿನಲ್ಲಿ ಬೇಕಾದಷ್ಟಿವೆ. "ಆ ಚರಣ ಒಂದ್ಸಲ ಮಾಡು ನೋಡೋಣ" ಅಂದೆ, ಉತ್ತರ ಮುಂದಕ್ಕೆ ಹಾಕಲು. ಅವಳು ನನ್ನೆದುರೇ ನಿಂತು ಮಾಡಿದಳು, ಜೊತೆಗೆ ನಾನೂ ಮಾಡಿದೆ. ನನ್ನ ಬಲಗೈ ಅವಳ ಎಡಗೈಗೆ ಎದುರಾಗಿತ್ತು. ಆಗ ನನ್ನ ತಲೆಗೆ ಹೊಳೆಯಿತು. ಅನಸೀನಿ ಏನೂ ತಪ್ಪಿರಲಿಲ್ಲ. ಬೆನ್ನು ತೋರಿಸಬಾರದು ಅಂತ ನಾನು ಎದುರು ನಿಂತೆ, ಅವಳು ಕನ್ನಡಿ ನೋಡಿದಂತೆ ನನ್ನನ್ನು ನೋಡಿ ಕಲಿತಳು. ಅವಳ ಎಡಗೈ ಇಳಿದಾಗಲೆಲ್ಲ ನನ್ನ ಬಲಗೈಗೆ ಸರಿಯಾಗಿ ಹೊಂದಿಕೊಂಡು ಇಳಿಯುತ್ತಿತ್ತು, ನಾನೂ ತಲೆ ತಗ್ಗಿಸಿಕೊಂಡೇ ಭೇಷ್ ಅನ್ನುತ್ತಿದ್ದೆ. ಮಣಿಕಟ್ಟು ಹಿಡಿದು ಒಂದೇ ಒಂದು ಸಲ ತಿರುಗಿಸುವ ಹಾಗಿದ್ದಿದ್ದರೆ! ಅಷ್ಟು ಮರ್ಯಾದೆ ಕೊಟ್ಟು ಆ ಹುಡುಗಿಯನ್ನು ಊರ ಮುಂದೆ ಕೆಡವಿದೆವು, ಇನ್ನೊಂದಷ್ಟು ಮರ್ಯಾದೆ ಕೊಟ್ಟು ಕೆಡವಿದ್ದನ್ನು ಮುಚ್ಚಿದೆವು. ಕಲೋಗೆ, "ಬಲಗೈ ಪುಟ್ಟಾ. ನೀನು ಮಾಡಿದ್ದೇ ಸರಿ" ಅಂದೆ. ಅವಳು ತಲೆಯಾಡಿಸಿ ಹೋಗಿ ಮಲಗಿದಳು.

ಆ ವಾರದ ಗುರುವಾರ ಅನಸೀನಿ ಆಕ್ಲೆಂಡಿಗೆ ವಾಪಸು ಹೊರಟಳು. ವಿಮಾನದ ಬಯಲಿನಲ್ಲಿ ಊರಿನವರು ಹೂವಿನ ಹಾರ ಹಿಡಿದು ಸಾಲಾಗಿ ನಿಂತಿದ್ದೆವು. ನನ್ನ ಹತ್ತಿರ ಬಂದಾಗ ನಿಂತಳು. ಆ ತೊದಲು ಭಾಷೆಯಲ್ಲಿ ಮೆಲ್ಲಗೆ ಹೇಳಿದಳು: "ತಾತ, ನಾನು ತಪ್ಪಿದೆ ಅಂತ ನಂಗೆ ಗೊತ್ತಾಯ್ತು. ಪಕ್ಕಕ್ಕೆ ನೋಡಿದ್ರೆ ಎಲ್ರೂ ನನ್ನ ಹಾಗೇ. ಭಯ ಆಯ್ತು. ಅಷ್ಟು ಜನ ಇದ್ರೂ ಒಬ್ಳೇ ನಿಂತಿದೀನಿ ಅನ್ನಿಸ್ತು. ಆ ಚಿಕ್ಕ ಹುಡುಗಿ ಮಾತ್ರ ಬೇರೆ ಮಾಡ್ತಿದ್ಲು. ಆಮೇಲಿಂದ ಕೊನೇವರೆಗೂ ಅವಳನ್ನೇ ನೋಡ್ಕೊಂಡು ಕುಣಿದೆ." ನಾನು ಕನ್ನಡಿಯ ವಿಷಯ ಹೇಳಿದೆ, ತಪ್ಪು ನಿಮ್ಮದಲ್ಲ ತಾಯಿ ಅಂದೆ. ಅವಳು ನಕ್ಕಳು, ಕಣ್ಣು ಮಾತ್ರ ತುಂಬಿತ್ತು. "ಅಪ್ಪಂಗೆ ಹೇಳಿದೆ, ಕಿವಿಗೇ ಹಾಕ್ಕೊಳ್ಳಲ್ಲ. ನೀನು ತಪ್ಪೋದೇ ಇಲ್ಲ ಅಂತಾರೆ" ಅಂದಳು. ನೀನು ಯೋಚಿಸಿ ನೋಡು ಸೀಲಿಯ, ನಾಲ್ಕನೇ ಚರಣದಿಂದ ಇಡೀ ಊರು ಒಡೆಯರ ಮಗಳನ್ನು ನೋಡಿ ಕುಣಿಯಿತು, ಒಡೆಯರ ಮಗಳು ನಿನ್ನ ಮಗಳನ್ನು ನೋಡಿ ಕುಣಿದಳು. ಇದನ್ನು ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ಹೇಳಿಕೊಳ್ಳಲು ನಿನ್ನ ಅಮ್ಮನೂ ಇಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ, ಓದಿ ಒಂದು ಸಲ ಗಟ್ಟಿಯಾಗಿ ನಗು.

ಶುಕ್ರವಾರ ಬೆಳಗ್ಗೆ ಕಲೋಳನ್ನು ಶಾಲೆಗೆ ಕಳಿಸಿ, ಹರಿದ ಚಾಪೆಯನ್ನು ನಾನೇ ಸುತ್ತಿಕೊಂಡು ಹೋಗಿ ಒಡೆಯರ ಅಂಗಳದಲ್ಲಿ ಕೂತೆ. ಬಿಸಿಲು ನೆತ್ತಿಗೆ ಬಂತು. ಒಡೆಯರು ಜಗುಲಿಯಲ್ಲಿ ಕೂತಿದ್ದರು. ಅವರು ನಮ್ಮಂಥವರ ಜೊತೆ ನೇರವಾಗಿ ಮಾತಾಡುವುದಿಲ್ಲವಲ್ಲ, ಅವರ ಪರವಾಗಿ ಮಾತಾಡುವ ಹಾಫೋಕಾ ಕೇಳಿದ, "ಹುಡುಗಿ ಎಲ್ಲಿ?" ನಾನು, "ತಪ್ಪು ಮಾಡಿದವನು ಬಂದಿದ್ದೀನಿ" ಅಂದೆ. ಎಲ್ಲರ ಅಪ್ಪಣೆ ಕ್ರಮವಾಗಿ ಕೇಳಿದೆ, ಒಂದು ಹೆಸರೂ ಬಿಡಲಿಲ್ಲ. ಆಮೇಲೆ ಎದುರು ನಿಂತು ಕಲಿಸಿದ್ದನ್ನು, ಕೈ ತಿರುಗಾಮುರುಗಾ ಆದದ್ದನ್ನು ಹೇಳಿ, ತಪ್ಪು ನನ್ನದೊಬ್ಬನದು ಅಂದೆ. ಹಾಫೋಕಾ ನನ್ನನ್ನು ದಿಟ್ಟಿಸಿ, "ಯಾವ ತಪ್ಪು ಕಿಲಿಫಿ? ಅಲ್ಲಿ ಒಂದೇ ಒಂದು ತಪ್ಪು ಆಗಿದ್ದು. ಸಾಲಿಗೆ ಸಾಲೇ ಸರಿ ಮಾಡ್ತು, ನಿನ್ನ ಹುಡುಗಿ ತಪ್ಪಿದ್ಲು" ಅಂದ. ತಪ್ಪೊಪ್ಪಿಕೊಳ್ಳಲು ಹೋದವನಿಗೆ, ತಪ್ಪು ಆಗಿದೆ ಅನ್ನುವುದೇ ದೊಡ್ಡ ತಪ್ಪು ಅಂತ ಆಗ ತಿಳಿಯಿತು. ಹಿಂದೆ ಸರಿಯಬಹುದಿತ್ತು. ಕಲೋ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲೇ ಇತ್ತು. ತಲೆ ತಗ್ಗಿಸಿಕೊಂಡೇ ಹೇಳಿದೆ: "ಸಾಲಿಗೆ ಸಾಲೇ ಮರ್ಯಾದೆ ಮಾಡ್ತು. ಹುಡುಗಿ ಕುಣಿದ್ಲು. ಆ ಕುಣಿತ ಕಟ್ಟಿದವನು ನಾನು, ಅದು ಬಲಗೈ." ಒಡೆಯರು ಎದ್ದು ಒಳಗೆ ಹೋದರು. ಬಹಳ ಹೊತ್ತಾದ ಮೇಲೆ ಹಾಫೋಕಾ ಹೊರಗೆ ಬಂದು, ಹುಡುಗಿ ಬರಬೇಕಾಗಿಲ್ಲ, ನೀನು ಮನೆಗೆ ಹೋಗು ಅಂದ. ಮಂಡಿ ಹಿಡಿದುಕೊಂಡಿತ್ತು, ಎಬ್ಬಿಸಲು ಯಾರೂ ಕೈ ಕೊಡಲಿಲ್ಲ. ಬೇಲಿಯ ಕಂಬ ಹಿಡಿದು ಎದ್ದು ಬಂದೆ.

ನಿನ್ನ ಅತ್ತೆ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ನಿನ್ನೆ ಭಾನುವಾರ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸವನ್ನು ಬೇಲಿಯ ಮೇಲೆ ಇಟ್ಟು ಹೋದಳು, ತೆಂಗಿನ ಹಾಲು ಎಂದಿನ ಹಾಗೆ ಧಾರಾಳವಾಗಿ. ಅವಳಿಗೆ ನೀನು ಒಂದು ಕಾಗದ ಬರೆ, ನನ್ನ ವಿಷಯ ಎತ್ತಬೇಡ, ಅವಳ ಕಾಲು ನೋವು ವಿಚಾರಿಸು. ಹುಡುಗಿಯ ಮಟ್ಟಿಗೆ ಎಲ್ಲ ತಣ್ಣಗಾಗಿದೆ, ನೀನು ಚಿಂತೆ ಮಾಡಬೇಡ. ಬೆನ್ನು ಜೋಪಾನ. ಅಳಿಯಂದಿರಿಗೆ, ಅಲ್ಲಿರುವ ನಮ್ಮೂರಿನವರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಪ್ಪ,
ಕಿಲಿಫಿ

ಮರೆತಿದ್ದು: ಪಾದ್ರಿಗಳ ತಮ್ಮ ಆಕ್ಲೆಂಡಿಗೆ ಹೊರಟವನು ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು. ಹಾಫೋಕಾ ಇನ್ನೊಂದು ಮಾತೂ ಹೇಳಿದ್ದ. ಇನ್ನು ಮುಂದೆ ಊರಿನ ಕುಣಿತದಲ್ಲಿ ಹುಡುಗಿ ಇರಬಹುದು, ಇಲ್ಲ ನೀನು ಇರಬಹುದು, ಇಬ್ಬರೂ ಬೇಡ ಅಂತ. ಹುಡುಗಿ ಇರಲಿ ಅಂದೆ. ಕ್ರಿಸ್‌ಮಸ್ಸಿನ ಲಕಲಕ ಪಕ್ಕದ ಊರಿನ ಮಸೀಮಾ ಕಟ್ಟುತ್ತಿದ್ದಾನೆ, ಒಳ್ಳೆಯವನು, ಕಲೋಗೆ ಮೂರನೇ ಜಾಗವನ್ನೇ ಕೊಟ್ಟಿದ್ದಾನೆ. ಅಜ್ಜನಿಗೆ ವಯಸ್ಸಾಯಿತು, ಸಾಕು ಅಂತ ಬಿಟ್ಟ ಅಂತ ಅವಳು ತಿಳಿದಿದ್ದಾಳೆ, ನೀನೂ ಹಾಗೇ ಬರೆ. ಸಂಜೆ ಮೈದಾನದಿಂದ ಹಾಡು ಕೇಳಿಸುತ್ತದೆ, ನಾನು ಇಲ್ಲೇ ಕೂತಿರುತ್ತೇನೆ. ಮೊನ್ನೆ ಶನಿವಾರ ಅವಳು ಮನೆಗೆ ಬಂದು, "ಏಳು ಅಜ್ಜ, ಹೊಸ ಕೈ ಹೇಳಿಕೊಡ್ತೀನಿ" ಅಂತ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಹಾಡಿನ ಎರಡನೇ ಸಾಲಿಗೇ ತಪ್ಪಿದೆ ಸೀಲಿಯ. ಅವಳು ನನ್ನನ್ನು ನೋಡಿ ತಾನೂ ತಪ್ಪಲಿಲ್ಲ. ಹಾಡು ನಿಲ್ಲಿಸಿ, ನನ್ನ ಮಣಿಕಟ್ಟು ಹಿಡಿದು, ತಿರುಗಿಸಿ ಸರಿ ಮಾಡಿದಳು.